ಕೊಪ್ಪಳದ ಗಟಾರ, ಹಂಸಲದೀವಿಯ ಕಡಲು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟ್‌ಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿ ನಿಂತಿದ್ದ ಜಲಾಶಯ ಕಣ್ಣೆದುರೇ ಇಳಿಯತೊಡಗಿತು. ಭತ್ತ ನಾಟಿಗೆ ಸಿದ್ಧವಾಗಿದ್ದ ಗಂಗಾವತಿ ಸೀಮೆಯ ರೈತರಿಗೆ ಆ ವಾರವಿಡೀ ನಿದ್ದೆಯಿಲ್ಲ. ತಾತ್ಕಾಲಿಕ ಗೇಟ್ ಕೂಡಿಸಿ ನೀರು ನಿಲ್ಲಿಸುವವರೆಗೆ ಹೊಲ, ಹೋಟೆಲು, ಬಸ್‌ನಿಲ್ದಾಣ ಎಲ್ಲೆಡೆಯೂ ಒಂದೇ ಮಾತು: ಇಷ್ಟು ಟಿ.ಎಂ.ಸಿ. ನೀರು ಸಮುದ್ರದ ಪಾಲಾಯಿತು.

ಆ ಮಾತಿನಲ್ಲಿ ಕೊಪ್ಪಳ ಜಿಲ್ಲೆಯ ಜನ ಸಾಮಾನ್ಯವಾಗಿ ನೆನೆಯದ ಒಂದು ಸಂಗತಿ ಅಡಗಿತ್ತು. ಕಡಲು ಇಲ್ಲಿಂದ ನೂರಾರು ಮೈಲಿ ದೂರದಲ್ಲಿದ್ದರೂ ಇಲ್ಲಿಯ ನೀರಿಗೆ ಅದೇ ಕೊನೆಯ ನಿಲ್ದಾಣ. ಗೇಟ್ ಮುರಿದ ವಾರ ಎಷ್ಟು ನೀರು ಹೋಯಿತೆಂದು ಎಲ್ಲರೂ ಲೆಕ್ಕ ಹಾಕಿದರು. ವರ್ಷದ ಉಳಿದ ದಿನಗಳಲ್ಲಿ ಆ ನೀರಿನೊಡನೆ ಏನೇನು ಹೋಗುತ್ತದೆ ಎಂಬ ಲೆಕ್ಕ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಭೂಪಟ ತೆರೆದು ನೋಡಿದರೆ ದಾರಿ ಸ್ಪಷ್ಟವಾಗುತ್ತದೆ. ಉತ್ತರದ ಮಳೆನೀರನ್ನು ಕೂಡಿಸಿಕೊಂಡು ಹರಿಯುವ ಹಿರೇಹಳ್ಳ ತುಂಗಭದ್ರೆಯನ್ನು ಸೇರುತ್ತದೆ. ಗಂಗಾವತಿಯ ಗದ್ದೆಗಳಿಂದ ಬಸಿದ ನೀರಿಗೂ ಅದೇ ನದಿ ಗತಿ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹಳ್ಳಗಳು ಯಾವ ದಿಕ್ಕಿಗೆ ತಿರುಗಿದರೂ ಕೃಷ್ಣೆಯ ಕಣಿವೆಯನ್ನು ದಾಟಿ ಹೋಗಲಾರವು. ತುಂಗಭದ್ರೆ ಕರ್ನೂಲಿನ ಆಚೆ ಸಂಗಮೇಶ್ವರದ ಬಳಿ ಕೃಷ್ಣೆಯನ್ನು ಕೂಡುತ್ತದೆ. ಕೃಷ್ಣೆ ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡಗಳನ್ನು ಹಾಯ್ದು ಕವಲೊಡೆದು ಬಂಗಾಳ ಕೊಲ್ಲಿಗೆ ಬೀಳುತ್ತದೆ. ಒಂದು ಕವಲು ಕಡಲು ಮುಟ್ಟುವ ಜಾಗವೇ ಆಂಧ್ರದ ಹಂಸಲದೀವಿ. ಅಲ್ಲಿಯ ಅಳಿವೆಯಲ್ಲಿ ಕಾಂಡ್ಲಾ ಕಾಡುಗಳಿವೆ. ಸೀಗಡಿ, ಏಡಿ, ಮೀನು ಮರಿಗಳಿಗೆ ಅದು ತೊಟ್ಟಿಲು. ಬಲೆ ಬೀಸಿ ಬದುಕುವ ಕುಟುಂಬಗಳಿಗೆ ಅದೇ ಹೊಲ.

ಹಾಗೆ ನೋಡಿದರೆ ಕಡಲ ನೀರಿನ ರಕ್ಷಣೆ ಮಂಗಳೂರು, ಕಾರವಾರ, ಮಚಲೀಪಟ್ಟಣಗಳಿಗೆ ಮಾತ್ರ ಸೇರಿದ ವಿಷಯವಲ್ಲ. ಅದು ಕೊಪ್ಪಳದ ಓಣಿಯ ಗಟಾರದಲ್ಲೇ ಆರಂಭವಾಗುತ್ತದೆ. ಕೊಳಚೆ ನೀರನ್ನು ಶುದ್ಧಿ ಮಾಡಿ ಬಿಡಬೇಕೆಂಬ ತಿಳಿವಳಿಕೆ ಮನುಷ್ಯನಿಗೆ ಬಂದದ್ದು ಹೇಗೆ, ಆ ತಿಳಿವಳಿಕೆ ಕನ್ನಡ ನಾಡಿಗೆ ಬಂದದ್ದು ಯಾವಾಗ, ತುಂಗಭದ್ರೆಯ ದಂಡೆಗೆ ಅದು ಎಷ್ಟು ತಲುಪಿದೆ ಎಂಬುದು ಒಂದು ಸ್ವಾರಸ್ಯದ ಇತಿಹಾಸ.

ಹರಿಯುವ ನೀರಿನ ನಂಬಿಕೆ

ಹರಿಯುವ ನೀರು ತಾನೇ ಶುದ್ಧವಾಗುತ್ತದೆ ಎಂಬುದು ನಮ್ಮ ಹಿರಿಯರ ನಂಬಿಕೆ. ಅದು ಸುಳ್ಳಲ್ಲ. ಮನೆಯಿಂದ ಹೊರಬೀಳುವ ಕೊಳಚೆಯಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಭಾಗ ಬರೀ ನೀರು. ಉಳಿದ ಅತಿ ಸಣ್ಣ ಪಾಲಿನಲ್ಲಿ ಮಲ, ಅನ್ನದ ಅಗುಳು, ಎಣ್ಣೆ, ಸಾಬೂನು, ಮಣ್ಣು ಇರುತ್ತವೆ. ನೀರಿನಲ್ಲಿರುವ ಸೂಕ್ಷ್ಮಾಣುಗಳು ಇವನ್ನು ತಿಂದು ಅರಗಿಸುತ್ತವೆ. ಹಾಗೆ ಅರಗಿಸಲು ಅವಕ್ಕೆ ನೀರಿನಲ್ಲಿ ಕರಗಿದ ಆಮ್ಲಜನಕ ಬೇಕು. ನದಿ ಬಂಡೆಗೆ ಬಡಿದು, ನೊರೆಯೆದ್ದು ಹರಿಯುವಾಗ ಗಾಳಿಯಿಂದ ಹೊಸ ಆಮ್ಲಜನಕ ಸೇರುತ್ತದೆ. ಕೊಳೆ ಕಡಿಮೆಯಿದ್ದು ನೀರು ಧಾರಾಳವಾಗಿದ್ದರೆ ನದಿ ಕೆಲವು ಮೈಲಿಗಳಲ್ಲೇ ತನ್ನನ್ನು ತೊಳೆದುಕೊಳ್ಳುತ್ತದೆ.

ಕೊಳೆ ಹೆಚ್ಚಿದರೆ ಲೆಕ್ಕ ತಪ್ಪುತ್ತದೆ. ಸೂಕ್ಷ್ಮಾಣುಗಳು ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ, ಮೀನು ಉಸಿರುಗಟ್ಟಿ ಸಾಯುತ್ತದೆ. ಆಮೇಲೆ ಆಮ್ಲಜನಕ ಬೇಡದ ಬೇರೆ ಜಾತಿಯ ಸೂಕ್ಷ್ಮಾಣುಗಳು ಮೇಲುಗೈ ಪಡೆಯುತ್ತವೆ. ನೀರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುವುದು ಆಗಲೇ. ಕೊಳೆಯನ್ನು ಅರಗಿಸಲು ಎಷ್ಟು ಆಮ್ಲಜನಕ ಬೇಕಾಗುತ್ತದೆ ಎಂಬುದನ್ನು ವಿಜ್ಞಾನಿಗಳು 'ಜೈವಿಕ ಆಮ್ಲಜನಕ ಬೇಡಿಕೆ' ಎಂಬ ಅಳತೆಯಿಂದ ಹೇಳುತ್ತಾರೆ. ಬಿ.ಓ.ಡಿ. ಎಂದು ಅದರ ಚಿಕ್ಕ ಹೆಸರು. ಈ ಸಂಖ್ಯೆ ಏರಿದಷ್ಟೂ ನೀರು ಕೊಳಕು ಎಂದರ್ಥ.

ಹಿಂದಿನವರಿಗೆ ಈ ಅಳತೆ ಬೇಕಾಗಲಿಲ್ಲ. ಅವರ ಹೊಲಸು ನದಿಯ ತನಕ ಹೋಗುತ್ತಲೇ ಇರಲಿಲ್ಲ ಎಂಬುದೇ ಅದಕ್ಕೆ ಕಾರಣ. ವಿಜಯನಗರದ ಕಾಲದಲ್ಲಿ ತುಂಗಭದ್ರೆಗೆ ಅಡ್ಡಕಟ್ಟೆ ಹಾಕಿ ತೆಗೆದ ಕಾಲುವೆಗಳು ಆನೆಗೊಂದಿ, ಗಂಗಾವತಿಗಳ ಹೆಸರಿನಲ್ಲಿ ಇಂದಿಗೂ ಹರಿಯುತ್ತಿವೆ. ನದಿಯಿಂದ ನೀರು ಗದ್ದೆಗೆ ಬರುವ ದಾರಿ ಅದು. ಊರಿನ ಹೊಲಸಿಗೆ ದಾರಿ ಬೇರೆ ಇತ್ತು. ಸಗಣಿ, ಬೂದಿ, ಮನೆಯ ಕಸ ತಿಪ್ಪೆ ಸೇರುತ್ತಿದ್ದವು. ಮಳೆಗಾಲಕ್ಕೆ ಮುಂಚೆ ತಿಪ್ಪೆ ಗಾಡಿ ಏರಿ ಹೊಲಕ್ಕೆ ಹೋಗುತ್ತಿತ್ತು. ಬಯಲಿಗೆ ಹೋಗುವ ರೂಢಿಯಲ್ಲಿ ರೋಗದ ಭಯ ಇತ್ತು ನಿಜ. ಕಾಲರಾ, ಆಮಶಂಕೆಗಳು ಹಳ್ಳಿಗಳನ್ನು ಬರಿದು ಮಾಡಿದ್ದೂ ಉಂಟು. ಆದರೆ ಇಡೀ ಊರಿನ ಹೊಲಸನ್ನು ಒಂದೇ ಕೊಳವೆಯಲ್ಲಿ ಕೂಡಿಸಿ ನದಿಗೆ ಸುರಿಯುವ ವ್ಯವಸ್ಥೆ ಇರಲಿಲ್ಲ. ಆ ವ್ಯವಸ್ಥೆ ಹುಟ್ಟಿದ್ದು ದೂರದ ಲಂಡನ್ನಿನಲ್ಲಿ.

ದುರ್ನಾತ ಕಲಿಸಿದ ಪಾಠ

ಹತ್ತೊಂಬತ್ತನೇ ಶತಮಾನದಲ್ಲಿ ಲಂಡನ್ನಿನ ಮನೆಗಳಿಗೆ ನಲ್ಲಿ ನೀರು ಬಂತು, ನೀರು ಸುರಿದು ತೊಳೆಯುವ ಪಾಯಖಾನೆ ಬಂತು. ಹೊಲಸೆಲ್ಲ ಥೇಮ್ಸ್ ನದಿ ಸೇರಿತು. ಊರಿನ ಬಹುಪಾಲು ಜನ ಕುಡಿಯುತ್ತಿದ್ದುದೂ ಅದೇ ನದಿಯ ನೀರು. 1854ರಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ ಸತ್ತವರ ಮನೆಗಳನ್ನು ನಕ್ಷೆಯ ಮೇಲೆ ಗುರುತಿಸಿ, ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಒಂದು ಕೈಪಂಪಿನ ಸುತ್ತ ಸಾವುಗಳು ಗುಂಪುಗೂಡಿರುವುದನ್ನು ತೋರಿಸಿಕೊಟ್ಟ. ರೋಗ ಗಾಳಿಯಿಂದಲ್ಲ, ಹೊಲಸು ಬೆರೆತ ನೀರಿನಿಂದ ಬರುತ್ತದೆ ಎಂಬ ಅವನ ವಾದವನ್ನು ಒಪ್ಪಲು ಸರಕಾರಕ್ಕೆ ಬಹಳ ಕಾಲ ಹಿಡಿಯಿತು.

1858ರ ಬೇಸಿಗೆಯಲ್ಲಿ ನದಿಯ ದುರ್ನಾತ ಪಾರ್ಲಿಮೆಂಟಿನ ಕಿಟಕಿಗಳೊಳಗೇ ನುಗ್ಗಿತು. ಸದಸ್ಯರಿಗೆ ಕೂರಲಾಗಲಿಲ್ಲ. ಆಗ ಹಣ ಮಂಜೂರಾಯಿತು. ಜೋಸೆಫ್ ಬ್ಯಾಜಲ್‌ಜೆಟ್ ಎಂಬ ಎಂಜಿನಿಯರು ನಗರದ ಅಡಿಯಲ್ಲಿ ಬೃಹತ್ ಒಳಚರಂಡಿಗಳನ್ನು ಕಟ್ಟಿಸಿ ಹೊಲಸನ್ನೆಲ್ಲ ಊರಿನ ಪೂರ್ವಕ್ಕೆ, ಕಡಲಿನ ದಿಕ್ಕಿಗೆ ಸಾಗಿಸಿದ. ಲಂಡನ್ನಿಗೆ ಕಾಲರಾ ಮತ್ತೆ ಆ ಪ್ರಮಾಣದಲ್ಲಿ ಬರಲಿಲ್ಲ.

ಆದರೆ ಆತ ಮಾಡಿದ್ದು ಹೊಲಸಿನ ಸ್ಥಳಾಂತರ, ಶುದ್ಧೀಕರಣವಲ್ಲ. 1878ರಲ್ಲಿ 'ಪ್ರಿನ್ಸೆಸ್ ಆಲಿಸ್' ಎಂಬ ವಿಹಾರ ನೌಕೆ ಒಳಚರಂಡಿಯ ಬಾಯಿಗೆ ಸಮೀಪದಲ್ಲೇ ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆದು ಮುಳುಗಿತು. 600ಕ್ಕೂ ಹೆಚ್ಚು ಜನ ಸತ್ತರು. ಅವರು ಬಿದ್ದದ್ದು ನೀರಿಗಲ್ಲ, ಹೊಲಸಿಗೆ ಎಂಬ ಆಕ್ರೋಶ ಎದ್ದಿತು. ಆನಂತರ ಕೊಳಚೆಯಲ್ಲಿಯ ಗಟ್ಟಿ ಅಂಶವನ್ನು ತಳಕ್ಕೆ ಇಳಿಸಿ ಬೇರ್ಪಡಿಸುವ ಕ್ರಮ ಶುರುವಾಯಿತು. ಹಾಗೆ ಬೇರ್ಪಟ್ಟ ಕೆಸರನ್ನು 1887ರಿಂದ ಹಡಗಿನಲ್ಲಿ ತುಂಬಿ ಕಡಲಿಗೆ ಸುರಿಯತೊಡಗಿದರು. ಈ ಪದ್ಧತಿ 1998ರವರೆಗೂ ನಡೆಯಿತು ಎಂದರೆ ಆಶ್ಚರ್ಯವಾಗುತ್ತದೆ. ಕಡಲು ದೊಡ್ಡದು, ಎಲ್ಲವನ್ನೂ ನುಂಗುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು.

ಮ್ಯಾಂಚೆಸ್ಟರಿನಿಂದ ಬೆಂಗಳೂರಿಗೆ

ನಿಜವಾದ ದಾರಿ ಕಾಣಿಸಿದ್ದು ಮ್ಯಾಂಚೆಸ್ಟರಿನಲ್ಲಿ. ಅಲ್ಲಿಯ ಡೇವಿಹ್ಯೂಮ್ ಕೊಳಚೆ ಘಟಕದ ಪ್ರಯೋಗಶಾಲೆಯಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬಿಬ್ಬರು ಕೊಳಚೆಗೆ ಗಾಳಿ ಊದುವ ಪ್ರಯೋಗ ನಡೆಸಿದರು. ಗಾಳಿ ಊದಿದ ಮೇಲೆ ತಳದಲ್ಲಿ ಉಳಿಯುವ ಕೆಸರನ್ನು ಅದುವರೆಗೆ ಎಲ್ಲರೂ ಚೆಲ್ಲುತ್ತಿದ್ದರು. ಇವರು ಅದನ್ನು ಉಳಿಸಿಕೊಂಡು ಮತ್ತೆ ಹೊಸ ಕೊಳಚೆಗೆ ಬೆರೆಸಿದರು. ಹೆಪ್ಪು ಹಾಕಿದ ಹಾಲು ಬೇಗ ಮೊಸರಾಗುವಂತೆ, ಕೊಳಚೆ ವಾರಗಳ ಬದಲು ಕೆಲವೇ ಗಂಟೆಗಳಲ್ಲಿ ತಿಳಿಯಾಯಿತು. ಆ ಕೆಸರಿನ ತುಂಬ ಹಸಿದ ಸೂಕ್ಷ್ಮಾಣುಗಳೇ ಇದ್ದವು. 1914ರಲ್ಲಿ ಪ್ರಕಟವಾದ ಈ ವಿಧಾನವೇ 'ಚುರುಕುಗೊಳಿಸಿದ ಕೆಸರು' ಪದ್ಧತಿ. ಇಂದಿಗೂ ಜಗತ್ತಿನ ದೊಡ್ಡ ನಗರಗಳ ಬಹುಪಾಲು ಘಟಕಗಳು ಇದರ ಯಾವುದಾದರೂ ಒಂದು ರೂಪವನ್ನೇ ಬಳಸುತ್ತವೆ.

ಆರ್ಡರ್ನ್ ಮತ್ತು ಲಾಕೆಟ್‌ರಿಗೆ ಈ ದಾರಿ ಸೂಚಿಸಿದವರು ಗಿಲ್ಬರ್ಟ್ ಫೌಲರ್ ಎಂಬ ರಸಾಯನ ವಿಜ್ಞಾನಿ. ಕನ್ನಡಿಗರಿಗೆ ಕುತೂಹಲದ ಸಂಗತಿಯೆಂದರೆ, ಇದೇ ಫೌಲರ್ 1916ರಲ್ಲಿ ಬೆಂಗಳೂರಿಗೆ ಬಂದು, ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. 1921ರಲ್ಲಿ ಅಲ್ಲಿ ಜೀವರಸಾಯನ ವಿಭಾಗ ಆರಂಭವಾದಾಗ ಅದರ ಮುಂದಾಳು ಅವರೇ. ಕೊಳಚೆಯಲ್ಲಿಯ ಸಾರಜನಕ ನದಿಗೆ ಬಿದ್ದರೆ ವಿಷ, ಹೊಲಕ್ಕೆ ಬಿದ್ದರೆ ಗೊಬ್ಬರ ಎಂಬುದರಲ್ಲಿ ಅವರಿಗೆ ಆಸಕ್ತಿ ಇತ್ತು. ಸಾರಜನಕವನ್ನು ಪೋಲಾಗದಂತೆ ಕಾಪಾಡುವ ಬಗೆಗೆ 1934ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನಮ್ಮ ತಿಪ್ಪೆಯ ಜ್ಞಾನ ಮತ್ತು ಮ್ಯಾಂಚೆಸ್ಟರಿನ ವಿಜ್ಞಾನ ಬೇರೆಬೇರೆ ದಾರಿಯಿಂದ ಒಂದೇ ಮಾತಿಗೆ ಬಂದಿದ್ದವು.

ಘಟಕದ ಒಳಗೆ ನಡೆಯುವುದು ಇಷ್ಟು. ಬಂದ ಕೊಳಚೆ ಮೊದಲು ಕಬ್ಬಿಣದ ಜಾಲರಿ ದಾಟುತ್ತದೆ. ಬಟ್ಟೆ ಚೂರು, ಪ್ಲಾಸ್ಟಿಕ್, ಕಟ್ಟಿಗೆ ಅಲ್ಲೇ ಉಳಿಯುತ್ತವೆ. ಮುಂದಿನ ತೊಟ್ಟಿಯಲ್ಲಿ ಮರಳು ಕೂರುತ್ತದೆ. ಅದರ ಮುಂದಿನ ದೊಡ್ಡ ತೊಟ್ಟಿಯಲ್ಲಿ ನೀರು ನಿಧಾನವಾಗಿ ಸಾಗುವಾಗ ಗಟ್ಟಿ ಹೊಲಸು ತಳ ಸೇರುತ್ತದೆ. ಆಮೇಲೆ ಗಾಳಿ ಊದುವ ತೊಟ್ಟಿ, ಸೂಕ್ಷ್ಮಾಣುಗಳ ಊಟದ ಮನೆ. ಅಲ್ಲಿಂದ ಮತ್ತೊಂದು ತಿಳಿಯಾಗುವ ತೊಟ್ಟಿ. ಕೊನೆಗೆ ರೋಗಾಣು ಸಾಯಲು ಕ್ಲೋರಿನ್. ಜಾಗ ಹೆಚ್ಚಿದ್ದು ವಿದ್ಯುತ್ ಕಡಿಮೆಯಿರುವ ಸಣ್ಣ ಊರುಗಳಲ್ಲಿ ಇದೇ ಕೆಲಸವನ್ನು ಸಾಲು ಹೊಂಡಗಳಿಂದಲೂ ಮಾಡಿಸಬಹುದು. ಬಿಸಿಲು, ಪಾಚಿ ಮತ್ತು ಕಾಲ ಮೂರೂ ಸೇರಿ ನೀರನ್ನು ತಿಳಿಗೊಳಿಸುತ್ತವೆ. ಬಯಲುಸೀಮೆಯಲ್ಲಿ ಬಿಸಿಲಿಗೇನೂ ಕೊರತೆಯಿಲ್ಲ.

ಎಷ್ಟು ಶುದ್ಧಿ ಮಾಡಿದರೆ ಸಾಕು ಎಂಬ ಪ್ರಶ್ನೆಗೂ ಇಂಗ್ಲೆಂಡಿನ ರಾಯಲ್ ಆಯೋಗ 1912ರಲ್ಲಿ ಒಂದು ಉತ್ತರ ಕೊಟ್ಟಿತು. ಲೀಟರ್ ನೀರಿನಲ್ಲಿ ತೇಲುವ ಕಣಗಳು 30 ಮಿಲಿಗ್ರಾಂ, ಬಿ.ಓ.ಡಿ. 20 ಮಿಲಿಗ್ರಾಂ ಮೀರಬಾರದು ಎಂದು. ಈ ಸೂತ್ರ ಜಗತ್ತಿನ ಅನೇಕ ದೇಶಗಳಿಗೆ ಮಾದರಿಯಾಯಿತು. ಆದರೆ ಅದಕ್ಕೊಂದು ಷರತ್ತು ಇತ್ತು: ಬಿಟ್ಟ ನೀರಿಗೆ ನದಿಯಲ್ಲಿ ಕನಿಷ್ಠ ಎಂಟು ಪಟ್ಟು ಶುದ್ಧ ನೀರು ಬೆರೆಯಬೇಕು. ವರ್ಷವಿಡೀ ಮಳೆ ಬೀಳುವ ಇಂಗ್ಲೆಂಡಿನ ನದಿಗಳಿಗೆ ಅದು ಸರಿ. ಏಪ್ರಿಲ್ ತಿಂಗಳಲ್ಲಿ ಅಣೆಕಟ್ಟಿನ ಕೆಳಗಿನ ತುಂಗಭದ್ರೆಯಲ್ಲಿ ಬಂಡೆಗಳ ನಡುವೆ ನಿಂತ ಮಡುಗಳನ್ನು ನೋಡಿದವರಿಗೆ ಈ ಷರತ್ತು ನಮ್ಮಲ್ಲಿ ಎಷ್ಟು ಬೇಗ ಮುರಿಯುತ್ತದೆ ಎಂಬುದು ತಿಳಿಯುತ್ತದೆ.

ನಿಜಾಮರ ಸೀಮೆಯಲ್ಲಿ

ಆ ಕಾಲಕ್ಕೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ರಾಜಧಾನಿಯ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ನಿಜಾಮ ಸರಕಾರ ಕರೆಸಿಕೊಂಡದ್ದು ಕನ್ನಡಿಗ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯನವರನ್ನು. ಪ್ರವಾಹ ತಡೆಯುವ ಜಲಾಶಯಗಳ ಜತೆಗೆ ನಗರಕ್ಕೊಂದು ಒಳಚರಂಡಿ ಯೋಜನೆಯನ್ನೂ ಅವರು ರೂಪಿಸಿದರು. ಮೂಸಿಯೂ ಕೃಷ್ಣೆಯ ಉಪನದಿಯೇ. ರಾಜಧಾನಿಯ ಕೊಳಚೆಯೂ ಕೊಪ್ಪಳದ ಗಟಾರವೂ ಕೊನೆಗೆ ಒಂದೇ ನದಿಯಲ್ಲಿ ಕೂಡುವಂಥವು.

ರಾಜಧಾನಿಗೆ ಒಳಚರಂಡಿ ಬಂದರೂ ದೂರದ ಕನ್ನಡ ತಾಲ್ಲೂಕುಗಳಲ್ಲಿ ತೆರೆದ ಗಟಾರವೇ ಉಳಿಯಿತು. ಅದರಿಂದ ಆಗ ನದಿಗೆ ದೊಡ್ಡ ತೊಂದರೆಯೂ ಆಗಲಿಲ್ಲ. ಬಾವಿಯಿಂದ ಸೇದಿ ತಂದ ನೀರು ಕೊಡದ ಲೆಕ್ಕದಲ್ಲಿ ಖರ್ಚಾಗುತ್ತಿತ್ತು. ಗಟಾರ ಸೇರುವ ಒಂದಿಷ್ಟು ನೀರು ಹಿತ್ತಲ ಬಾಳೆಗಿಡದ ಬುಡದಲ್ಲೋ ಓಣಿಯ ಮಣ್ಣಿನಲ್ಲೋ ಇಂಗುತ್ತಿತ್ತು.

ಅಣೆಕಟ್ಟು ಈ ಲೆಕ್ಕವನ್ನು ಬದಲಿಸಿತು. 1945ರ ಫೆಬ್ರವರಿಯಲ್ಲಿ ಹೈದರಾಬಾದ್ ಮತ್ತು ಮದರಾಸು ಸರಕಾರಗಳು ಒಟ್ಟಿಗೆ ಅಡಿಗಲ್ಲು ಹಾಕಿದ ತುಂಗಭದ್ರಾ ಯೋಜನೆಯಿಂದ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜ ಮಾಡಿತು. ಹೊರ ಊರುಗಳಿಂದ ಜನ ಬಂದು ನೆಲೆಸಿದರು. ಅಕ್ಕಿ ಗಿರಣಿಗಳು ಸಾಲುಗಟ್ಟಿದವು. ಕುದಿಸಿದ ಅಕ್ಕಿ ಮಾಡಲು ಭತ್ತ ನೆನೆಸಿದ ನೀರು ನೋಡಲು ಬರೀ ಹಳದಿಯಾದರೂ ಅದರ ಬಿ.ಓ.ಡಿ. ಮನೆಯ ಕೊಳಚೆಗಿಂತ ಹೆಚ್ಚು. 2011ರ ಜನಗಣತಿ ಹೊತ್ತಿಗೆ ಗಂಗಾವತಿಯ ಜನಸಂಖ್ಯೆ ಒಂದು ಲಕ್ಷ ದಾಟಿತ್ತು. ಕೊಪ್ಪಳದ್ದು ಸುಮಾರು 70 ಸಾವಿರ.

ಒಂದು ಸರಳ ಲೆಕ್ಕ ನೋಡಬಹುದು. ಒಳಚರಂಡಿ ಇರುವ ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕೆಂಬುದು ಸರಕಾರಿ ಎಂಜಿನಿಯರುಗಳ ಅಳತೆ. ಅದರಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಬೀಳುತ್ತದೆ. ಒಂದು ಲಕ್ಷ ಜನರ ಊರೆಂದರೆ ದಿನಕ್ಕೆ ಒಂದು ಕೋಟಿ ಲೀಟರಿಗಿಂತ ಹೆಚ್ಚು ಕೊಳಚೆ. ಬಾಳೆಗಿಡದ ಬುಡದಲ್ಲಿ ಇಂಗುವ ಪ್ರಮಾಣವಲ್ಲ ಅದು. ನಲ್ಲಿಯ ಬೆನ್ನ ಹಿಂದೆಯೇ ಒಳಚರಂಡಿ, ಒಳಚರಂಡಿಯ ಬೆನ್ನ ಹಿಂದೆಯೇ ಶುದ್ಧೀಕರಣ ಘಟಕ ಬರಬೇಕಿತ್ತು. ಎಲ್ಲ ಊರುಗಳಲ್ಲೂ ನಲ್ಲಿ ಮೊದಲು ಬಂತು, ಉಳಿದವು ದಶಕಗಳಷ್ಟು ಹಿಂದೆ ಬಿದ್ದವು.

ಕಾನೂನು ಬಂದ ಮೇಲೆ

ದೇಶದಲ್ಲಿ ಜಲಮಾಲಿನ್ಯ ತಡೆ ಕಾಯಿದೆ ಬಂದದ್ದು 1974ರಲ್ಲಿ. ಅದೇ ವರ್ಷ ಕರ್ನಾಟಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿತು. ಪಟ್ಟಣಗಳಿಗೆ ನೀರು ಮತ್ತು ಒಳಚರಂಡಿ ಒದಗಿಸುವ ರಾಜ್ಯ ಮಂಡಳಿ 1975ರಲ್ಲಿ ಬಂತು. ಆದರೆ ತುಂಗಭದ್ರೆಯ ಮಾಲಿನ್ಯ ಜನರ ಬಾಯಿಗೆ ಬಂದದ್ದು ಕಾನೂನಿನಿಂದಲ್ಲ, ಸತ್ತ ಮೀನಿನಿಂದ. 1980ರ ದಶಕದಲ್ಲಿ ಹರಿಹರದ ಬಳಿಯ ಕುಮಾರಪಟ್ಟಣದ ಕಾರ್ಖಾನೆಗಳ ತ್ಯಾಜ್ಯ ನೀರು ಸೇರುವ ಜಾಗದ ಕೆಳಗೆ ಮೀನುಗಳು ಸತ್ತು ತೇಲಿದವು. ದಂಡೆಯ ಹಳ್ಳಿಗಳ ಜನ, ಮೀನುಗಾರರು ಬೀದಿಗಿಳಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಆ ನೀರು ಮುಂದೆ ಹರಿದು ಬಂದು ನಿಲ್ಲುವುದು ಕೊಪ್ಪಳದ ಮಗ್ಗುಲಿನ ಜಲಾಶಯದಲ್ಲೇ ಎಂಬುದನ್ನು ಮರೆಯುವಂತಿಲ್ಲ.

1995ರಲ್ಲಿ ಕೇಂದ್ರ ಸರಕಾರ ಗಂಗೆಗೆ ಸೀಮಿತವಾಗಿದ್ದ ಕ್ರಿಯಾ ಯೋಜನೆಯನ್ನು ವಿಸ್ತರಿಸಿ ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆ ತಂದಿತು. ತುಂಗೆ, ಭದ್ರೆ, ತುಂಗಭದ್ರೆಯ ದಂಡೆಯಲ್ಲಿ ಶಿವಮೊಗ್ಗ, ಭದ್ರಾವತಿ, ದಾವಣಗೆರೆ, ಹರಿಹರ ಅದರಲ್ಲಿ ಸೇರಿದವು. ಜಲಾಶಯದ ಮೇಲ್ಭಾಗದ ಊರುಗಳಿಗೆ ಆದ್ಯತೆ ಸಿಕ್ಕಿದ್ದು ಸರಿಯೇ. ಹೀಗಿದ್ದೂ 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 351 ಮಲಿನ ನದಿಭಾಗಗಳನ್ನು ಪಟ್ಟಿ ಮಾಡಿದಾಗ ಕರ್ನಾಟಕದ 17ರಲ್ಲಿ ತುಂಗಭದ್ರೆಯ ಹೆಸರೂ ಇತ್ತು. ದೇಶದ ಒಟ್ಟು ಚಿತ್ರ ಇನ್ನೂ ಗಾಬರಿ ಹುಟ್ಟಿಸುವಂಥದು. ಅದೇ ಮಂಡಳಿಯ 2021ರ ವರದಿಯಂತೆ ಭಾರತದ ನಗರ, ಪಟ್ಟಣಗಳಲ್ಲಿ ದಿನಕ್ಕೆ 7,236 ಕೋಟಿ ಲೀಟರ್ ಕೊಳಚೆ ಹುಟ್ಟುತ್ತದೆ. ನಿಜವಾಗಿ ಶುದ್ಧಿಯಾಗುತ್ತಿದ್ದುದು 2,023 ಕೋಟಿ ಲೀಟರ್ ಮಾತ್ರ. ಅಂದರೆ ಮೂರನೇ ಒಂದು ಭಾಗವೂ ಅಲ್ಲ.

ಕಡಲಿಗೆ ಏನು ತಲುಪುತ್ತದೆ?

ಕೊಪ್ಪಳದ ಗಟಾರದ ನೀರು ಹಂಸಲದೀವಿಯವರೆಗೆ ಹಾಗೆಯೇ ಹೋಗುತ್ತದೆಯೇ ಎಂದು ಯಾರಾದರೂ ಕೇಳಬಹುದು. ಹಾಗೆಯೇ ಹೋಗುವುದಿಲ್ಲ. ಕೊಳೆಯುವ ಹೊಲಸಿನ ಬಹುಪಾಲು ದಾರಿಯಲ್ಲೇ ಅರಗುತ್ತದೆ. ಆ ಶಿಕ್ಷೆ ಅನುಭವಿಸುವುದು ಹತ್ತಿರದ ನದಿ, ಹತ್ತಿರದ ಊರು. ನದಿಯಲ್ಲಿ ಅರಗಿ ಮಾಯವಾಗದೆ ಉಳಿದು ಮುಂದೆ ಸಾಗಬಲ್ಲವು ಬೇರೆ: ಸಾರಜನಕ, ರಂಜಕ, ಪ್ಲಾಸ್ಟಿಕ್, ಭಾರಲೋಹಗಳು. ಇವುಗಳಲ್ಲಿ ಒಂದಿಷ್ಟು ಒಂದೊಂದು ಜಲಾಶಯದ ಹೂಳಿನಲ್ಲಿ ಕೂರುತ್ತವೆ, ಒಂದಿಷ್ಟು ಗೇಟು ದಾಟುತ್ತವೆ. 133 ಟಿ.ಎಂ.ಸಿ. ಸಾಮರ್ಥ್ಯದ ತುಂಗಭದ್ರಾ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. ಆ ಹೂಳು ಬರೀ ಮಣ್ಣಲ್ಲ.

ಸಾರಜನಕ, ರಂಜಕಗಳು ಹೊಲದಲ್ಲಿ ಪೈರಿಗೆ ಗೊಬ್ಬರ, ನೀರಿನಲ್ಲಿ ಪಾಚಿಗೆ ಗೊಬ್ಬರ. ಇತ್ತೀಚಿನ ವರ್ಷಗಳಲ್ಲಿ ತುಂಗಭದ್ರಾ ಜಲಾಶಯದ ನೀರು ಹಸಿರು ಬಣ್ಣಕ್ಕೆ ತಿರುಗಿದ ಸುದ್ದಿ ಮತ್ತೆ ಮತ್ತೆ ಬಂದಿರುವುದನ್ನು ಓದುಗರು ಬಲ್ಲರು. ಕಡಲ ತೀರದಲ್ಲಿ ನಡೆಯುವುದೂ ಇದೇ, ಇನ್ನೂ ದೊಡ್ಡ ಪ್ರಮಾಣದಲ್ಲಿ. ನದಿ ತಂದ ಸಾರಜನಕ ಉಂಡು ಪಾಚಿ ಹಬ್ಬುತ್ತದೆ. ಸತ್ತ ಪಾಚಿ ತಳಕ್ಕಿಳಿದು ಕೊಳೆಯುವಾಗ ಅಲ್ಲಿಯ ಆಮ್ಲಜನಕ ಮುಗಿಯುತ್ತದೆ. ಓಡಬಲ್ಲ ಮೀನು ಓಡಿಹೋಗುತ್ತದೆ, ಓಡಲಾಗದ ಜೀವಿಗಳು ಸಾಯುತ್ತವೆ. ಅಮೆರಿಕದ ಮಿಸಿಸಿಪ್ಪಿ ನದಿ ಮೆಕ್ಸಿಕೋ ಕೊಲ್ಲಿ ಸೇರುವಲ್ಲಿ ಪ್ರತಿ ಬೇಸಿಗೆಯಲ್ಲೂ ಇಂಥ ವಿಶಾಲವಾದ ಸತ್ತ ಪ್ರದೇಶ ಉಂಟಾಗುತ್ತದೆ. ಅದಕ್ಕೆ ಮುಖ್ಯ ಕಾರಣ ಕಡಲು ಕಾಣದ ಒಳನಾಡಿನ ಜೋಳದ ಹೊಲಗಳು.

ತೀರದ ಊರುಗಳ ಕೊಳಚೆಯಿಂದ ಇನ್ನೊಂದು ಅಪಾಯವಿದೆ. ಕಾರವಾರದ ಕಡೆ ಬಳಚು ಎನ್ನುವ ಚಿಪ್ಪಿನ ಜೀವಿಗಳು ನೀರನ್ನು ಸೋಸಿ ಆಹಾರ ಪಡೆಯುತ್ತವೆ. ನೀರಿನಲ್ಲಿ ರೋಗಾಣು ಇದ್ದರೆ ಅದೂ ಅವುಗಳೊಳಗೆ ಸೇರಿ ತಿಂದವರ ಹೊಟ್ಟೆಗೆ ಬರುತ್ತದೆ. ಹೀಗಿದ್ದರೂ ನಮ್ಮ ನಿಯಮಗಳು ಕಡಲಿನ ಬಗ್ಗೆ ಉದಾರವಾಗಿವೆ. ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಂತೆ ನದಿ, ಕೆರೆಗೆ ಬಿಡುವ ನೀರಿನ ಬಿ.ಓ.ಡಿ. 30 ಮೀರಬಾರದು, ಕಡಲ ತೀರಕ್ಕೆ ಬಿಡುವುದಾದರೆ 100ರವರೆಗೆ ಇರಬಹುದು. ಕಡಲು ಎಲ್ಲವನ್ನೂ ನುಂಗುತ್ತದೆ ಎಂಬ ಲಂಡನ್ನಿನ ಹಳೆಯ ನಂಬಿಕೆ ಇಲ್ಲಿಯೂ ಸ್ವಲ್ಪ ಉಳಿದಿದೆ.

ಶುದ್ಧೀಕರಣದಿಂದ ಫಲ ಸಿಗುತ್ತದೆಯೇ ಎಂಬ ಸಂಶಯಕ್ಕೆ ಥೇಮ್ಸ್ ನದಿಯೇ ಉತ್ತರ. 1957ರಲ್ಲಿ ಲಂಡನ್ನಿನ ವಿಜ್ಞಾನಿಗಳು ಅದರ ಅಳಿವೆ ಭಾಗ ಜೀವವಿಲ್ಲದ್ದು ಎಂದು ಘೋಷಿಸಿದ್ದರು. ಕೊಳಚೆ ಘಟಕಗಳನ್ನು ಹೊಸದಾಗಿ ಕಟ್ಟಿದ ಮೇಲೆ, 1974ರಲ್ಲಿ ಕಡಲಿನಿಂದ ನದಿಗೆ ಏರುವ ಸಾಲ್ಮನ್ ಮೀನು ಮತ್ತೆ ಕಾಣಿಸಿತು. ನಡುವೆ ಹಿಡಿದದ್ದು ಕೇವಲ 17 ವರ್ಷ.

ಆದರೆ ಸಾಮಾನ್ಯ ಘಟಕ ಬಿ.ಓ.ಡಿ.ಯನ್ನು ಚೆನ್ನಾಗಿ ಇಳಿಸುತ್ತದೆಯೇ ಹೊರತು ಸಾರಜನಕ, ರಂಜಕಗಳನ್ನು ಅಷ್ಟಾಗಿ ತೆಗೆಯುವುದಿಲ್ಲ. ಅದಕ್ಕೆ ಇನ್ನೊಂದು ಹಂತ ಬೇಕು, ಹೆಚ್ಚಿನ ಖರ್ಚು ಬೇಕು. ಭತ್ತದ ಗದ್ದೆಯಿಂದ ತೊಳೆದು ಹೋಗುವ ಯೂರಿಯಾ ಯಾವ ಘಟಕದ ಬಾಗಿಲಿಗೂ ಬರುವುದಿಲ್ಲ. ಹಾಗಾಗಿ ಘಟಕವೊಂದರಿಂದಲೇ ಎಲ್ಲ ಸರಿಹೋಗುತ್ತದೆ ಎಂದು ಹೇಳುವಂತಿಲ್ಲ. ಘಟಕವಿಲ್ಲದೆ ಏನೂ ಸರಿಹೋಗದು ಎಂಬುದೂ ಅಷ್ಟೇ ನಿಜ.

ನಾಲ್ಕು ಊರು, ನಾಲ್ಕು ಪ್ರಶ್ನೆ

ಈ ನಾಲ್ಕು ಊರುಗಳಿಗೂ ಒಂದೇ ಮದ್ದು ಆಗದು. ಗಂಗಾವತಿಯಲ್ಲಿ ದುರುಗಮ್ಮನ ಹಳ್ಳದಂಥ ಊರ ಹಳ್ಳ, ಗಿರಣಿ, ಗದ್ದೆ ಮೂರನ್ನೂ ಒಟ್ಟಿಗೆ ನೋಡಬೇಕು. ಕೊಪ್ಪಳದ ಸುತ್ತ ಕಬ್ಬಿಣ, ಉಕ್ಕಿನ ಕಾರ್ಖಾನೆಗಳೂ ಲೆಕ್ಕಕ್ಕೆ ಬರುತ್ತವೆ. ಜನ ಮನಸ್ಸು ಮಾಡಿದರೆ ಏನಾಗಬಲ್ಲದು ಎಂಬುದನ್ನು ಕೊಪ್ಪಳ ತೋರಿಸಿಕೊಟ್ಟಿದೆ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಮುಂದಾಳ್ತನದಲ್ಲಿ ಸಾವಿರಾರು ಜನ ಸೇರಿ ಹಿರೇಹಳ್ಳದ ಹೂಳು, ಜಾಲಿ, ಕಸ ತೆಗೆದು 20 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹಳ್ಳಕ್ಕೆ ಮತ್ತೆ ಹಳ್ಳದ ರೂಪ ಕೊಟ್ಟರು. ಕುಷ್ಟಗಿ ತಾಲ್ಲೂಕಿನ ನಿಡಶೇಸಿ ಕೆರೆಯಲ್ಲೂ ಇಂಥದೇ ಕೆಲಸ ನಡೆಯಿತು. ಹಳ್ಳದ ಒಡಲನ್ನು ಜನ ಸೇರಿ ಸ್ವಚ್ಛ ಮಾಡಬಹುದು. ಅದಕ್ಕೆ ದಿನವೂ ಬೀಳುವ ಕೊಳಚೆಯನ್ನು ತಡೆಯಲು ದಿನವೂ ನಡೆಯುವ ಘಟಕ, ಅದರ ವಿದ್ಯುತ್ ಬಿಲ್ಲು ಕಟ್ಟುವ ನಗರಸಭೆ, ಪಂಪು ರಿಪೇರಿ ಮಾಡುವ ಮೆಕ್ಯಾನಿಕ್ ಬೇಕು.

ಕುಷ್ಟಗಿ, ಯಲಬುರ್ಗಾಗಳ ಪ್ರಶ್ನೆ ಬೇರೆ. ಇಲ್ಲಿ ಪಕ್ಕದಲ್ಲಿ ನದಿಯಿಲ್ಲ. ಪಾಯಖಾನೆಯ ನೀರು ಮನೆಯ ಹಿಂದಿನ ಗುಂಡಿಗೆ ಇಳಿಯುತ್ತದೆ. ಗುಂಡಿಯಿಂದ ಸಾರಜನಕ ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಂಗುತ್ತದೆ. ಮೊದಲೇ ಫ್ಲೋರೈಡಿನಿಂದ ಹಲ್ಲು, ಮೂಳೆ ಕೆಡಿಸಿಕೊಂಡ ಹಳ್ಳಿಗಳಿರುವ ಸೀಮೆಯಿದು. ಕಡಲಿಗೆ ತಲುಪುವ ಮೊದಲೇ ಈ ಹೊಲಸು ಸ್ವಂತ ಕೊಳವೆಬಾವಿಗೆ ತಲುಪುತ್ತದೆ. ಇಂಥ ಸಣ್ಣ ಊರುಗಳಿಗೆ ದೊಡ್ಡ ಒಳಚರಂಡಿಯೇ ಬೇಕೆಂದಿಲ್ಲ. ಬೆಂಗಳೂರು ಬಳಿಯ ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ ಘಟಕ ಮನೆಗಳ ಗುಂಡಿಯಿಂದ ಟ್ಯಾಂಕರಿನಲ್ಲಿ ತಂದ ಮಲದ ಕೆಸರನ್ನು ಶುದ್ಧಿ ಮಾಡಿ ಗೊಬ್ಬರವಾಗಿಸುತ್ತದೆ. ಟ್ಯಾಂಕರು ಆ ಕೆಸರನ್ನು ಊರಾಚೆಯ ಹಳ್ಳಕ್ಕೆ ಸುರಿದು ಬರುವುದಕ್ಕೂ ಇಂಥ ಘಟಕಕ್ಕೆ ಕೊಡುವುದಕ್ಕೂ ಇರುವ ಅಂತರ ಕೆಲವು ಕಿಲೋಮೀಟರ್ ಡೀಸೆಲ್ ಮಾತ್ರ.

ಶುದ್ಧಿ ಮಾಡಿದ ನೀರನ್ನು ನದಿಗೇ ಬಿಡಬೇಕೆಂದೂ ಇಲ್ಲ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೋಲಾರದ ಬತ್ತಿದ ಕೆರೆಗಳಿಗೆ ಹರಿಯುತ್ತಿದೆ. ಅದರ ಗುಣಮಟ್ಟ ಸಾಕೇ ಎಂಬ ಚರ್ಚೆ ಅಲ್ಲಿ ಜೋರಾಗಿಯೇ ನಡೆದಿದೆ. ಆ ಚರ್ಚೆ ನಡೆಯಬೇಕಾದದ್ದೇ. ಆದರೂ ಮಳೆ ಕಾಣದ ಎರೆ ಹೊಲಗಳ ಕುಷ್ಟಗಿ, ಯಲಬುರ್ಗಾಗಳಲ್ಲಿ ಊರಿನ ನೀರನ್ನೇ ತಿಳಿಗೊಳಿಸಿ ಮೇವಿಗೆ, ಮರಗಳಿಗೆ ಹರಿಸುವುದು ತಿಪ್ಪೆ ಗೊಬ್ಬರ ಕಂಡವರಿಗೆ ಹೊಸ ಮಾತೇನಲ್ಲ. ಫೌಲರ್ ಬೆಂಗಳೂರಿನಲ್ಲಿ ಕುಳಿತು ಹೇಳಿದ್ದೂ ಅದನ್ನೇ.

ಮಳೆಗಾಲದಲ್ಲಿ ಜಲಾಶಯ ತುಂಬಿ ಗೇಟ್ ತೆರೆದಾಗ ಮುನಿರಾಬಾದಿನ ಸೇತುವೆಯ ಮೇಲೆ ಜನ ಜಾತ್ರೆಯಂತೆ ನೆರೆಯುತ್ತಾರೆ. ಹಾಲಿನ ನೊರೆಯಂತೆ ಧುಮ್ಮಿಕ್ಕುವ ನೀರನ್ನು ಮಕ್ಕಳಿಗೆ ತೋರಿಸುತ್ತಾರೆ. ರಾಜೋಳಿಬಂಡೆ, ಸುಂಕೇಶುಲ, ಶ್ರೀಶೈಲಗಳನ್ನು ದಾಟಿ ಆ ನೀರು ಹಂಸಲದೀವಿಯ ಅಳಿವೆಗೆ ಮುಟ್ಟುವ ಹೊತ್ತಿಗೆ ಅಲ್ಲಿಯ ಮೀನುಗಾರ ಬಲೆ ಸಿದ್ಧ ಮಾಡಿಕೊಂಡಿರುತ್ತಾನೆ. ಹೊಸ ನೀರು ಬಂದರೆ ಮೀನು ಬರುತ್ತದೆ ಎಂಬುದು ಅವನ ಲೆಕ್ಕ. ಕೊಪ್ಪಳ ಎಂಬ ಊರಿನ ಹೆಸರನ್ನು ಅವನು ಕೇಳಿರಲಾರ. ಅವನ ಲೆಕ್ಕ ಸರಿಯಾಗುವುದೂ ತಪ್ಪುವುದೂ ಮಾತ್ರ ಒಂದಿಷ್ಟು ಈ ಊರಿನವರ ಕೈಯಲ್ಲೇ ಇದೆ.